ಪೃಥಾಳಿಗೆ ‘ಯು’ ಏಕೆ, ನಡುವೆ ಗಂಗವ್ವ ಏಕೆ?

ನಮ್ಮ ಮಗಳ ಪೂರ್ಣ ಹೆಸರು ಪೃಥಾ ಗಂಗವ್ವ ಅಂಗಡಿ. ಇಂಗ್ಲಿಷಿನಲ್ಲಿ ಬರೆಯುವಾಗ ಪಿ ಮತ್ತು ಆರ್ ಆದ ಮೇಲೆ ಎಲ್ಲರೂ ನಿರೀಕ್ಷಿಸುವ ‘ಐ’ ಬರುವುದಿಲ್ಲ, ‘ಯು’ ಬರುತ್ತದೆ. ಹೆಸರನ್ನು ಮೊದಲ ಸಲ ಓದಿದವರಲ್ಲಿ ಹೆಚ್ಚಿನವರು ಎರಡು ಮಾತು ಕೇಳದೆ ಬಿಡುವುದಿಲ್ಲ: ಈ ಕಾಗುಣಿತವನ್ನು ಸಂಖ್ಯಾಶಾಸ್ತ್ರದವರು ಹೇಳಿಕೊಟ್ಟರೇ, ಮತ್ತು ಇಷ್ಟು ಪುಟ್ಟ ಹುಡುಗಿಗೆ ಅಷ್ಟು ಹಳೆಯ ಹೆಸರನ್ನು ನಡುವೆ ಏಕೆ ಸೇರಿಸಿದಿರಿ. ಮೆಟ್ಟಿಲ ಮೇಲೆ ನಿಂತು ಕೊಡುವ ಉತ್ತರಕ್ಕೆ ಇದು ಹಿಡಿಯುವುದಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಸಂಖ್ಯಾಶಾಸ್ತ್ರಕ್ಕೂ ಇದಕ್ಕೂ ಸಂಬಂಧವಿಲ್ಲ. ಒಟ್ಟು ಮೊತ್ತ ಸರಿಹೊಂದಲಿ ಎಂದು ಹೆಸರಿನ ಕೊನೆಗೆ ಇನ್ನೊಂದು ‘ಎ’ ಅಂಟಿಸುವವರನ್ನು ನಾನು ಬಲ್ಲೆ; ಅವರ ನಂಬಿಕೆಯ ಬಗ್ಗೆ ನನಗೆ ತಕರಾರಿಲ್ಲ. ಆದರೆ ಉಚ್ಚಾರದಲ್ಲಿ ಕೇಳಿಸದ ಅಕ್ಷರವೊಂದನ್ನು ಮಗುವಿನ ಹೆಸರಿಗೆ ಸೇರಿಸಿದರೆ, ಆ ಮಗು ಬೆಳೆದು ಪ್ರತಿಯೊಂದು ಕೌಂಟರಿನ ಮುಂದೆಯೂ ಅದನ್ನು ಬಿಡಿಸಿ ಹೇಳುತ್ತಿರಬೇಕಾಗುತ್ತದೆ. ನಾವು ಆರಿಸಿಕೊಂಡ ಅಕ್ಷರ ಉಚ್ಚಾರಕ್ಕಾಗಿಯೇ ಇರುವುದು.

ಪೃಥಾ ಎಂಬುದು ಕುಂತಿಯ ಹುಟ್ಟುಹೆಸರು. ಕುಂತಿಭೋಜನ ಮನೆಗೆ ದತ್ತು ಹೋಗುವ ಮೊದಲು, ಶೂರಸೇನನ ಮಗಳಾಗಿದ್ದಾಗ ಅವಳಿಗೆ ಇದ್ದ ಹೆಸರು. ಇದನ್ನು ಸೂಚಿಸಿದವರು ಮೈಸೂರಿನಲ್ಲಿರುವ ನಮ್ಮಮ್ಮ. ಮಗು ಹುಟ್ಟಿದ್ದು ಉತ್ತರಾ ನಕ್ಷತ್ರದ ಮೂರನೆಯ ಪಾದದಲ್ಲಾದ್ದರಿಂದ ಪುರೋಹಿತರು ‘ಪ’ ಅಕ್ಷರ ಹೇಳಿದ್ದರು, ಅಮ್ಮ ಅದನ್ನು ಹಿಡಿದುಕೊಂಡು ಹುಡುಕಿದರು. (ಒಂದು ದಿನ ತಡವಾಗಿ ಹುಟ್ಟಿದ್ದರೆ ಹಸ್ತಾ ನಕ್ಷತ್ರದ ಮೂರನೆಯ ಪಾದಕ್ಕೆ ಬಂದು ‘ಣ’ ಅಕ್ಷರ ಸಿಗುತ್ತಿತ್ತು, ಪು, ಷ, ಣ, ಠ ಎಂಬ ಆ ಸಾಲನ್ನು ನೋಡಿದ ತಂದೆ-ತಾಯಿಯರ ಮುಖ ಹೇಗಾಗುತ್ತದೆಂಬುದನ್ನು ಪಂಚಾಂಗ ಬಲ್ಲವರನ್ನೇ ಕೇಳಬೇಕು.) ನಾಮಕರಣದ ದಿನ ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಉಂಗುರದಿಂದ ಬರೆದಾಗ ಯಾವ ಗೊಂದಲವೂ ಇರಲಿಲ್ಲ. ಪ, ಅದರ ಕೆಳಗೆ ವಟ್ರಸುಳಿ, ಪಕ್ಕದಲ್ಲಿ ಥಾ. ಗೊಂದಲ ಶುರುವಾದದ್ದು ಅದನ್ನು ರೋಮನ್ ಅಕ್ಷರಗಳಿಗೆ ಇಳಿಸಬೇಕಾದಾಗ.

ಋಕಾರವನ್ನು ನಮ್ಮಲ್ಲಿ ಬಹುಪಾಲು ಜನ ‘ರು’ಗೆ ಹತ್ತಿರವಾಗಿ ನುಡಿಯುತ್ತೇವೆ, ತೆಲುಗರು ಮತ್ತು ಮರಾಠಿಗರು ಸಹ ಹಾಗೆಯೇ. ಹಿಂದಿ ಮತ್ತು ಬಂಗಾಳಿ ಮಾತಾಡುವವರ ಬಾಯಲ್ಲಿ ಅದೇ ಸ್ವರ ‘ರಿ’ ಆಗುತ್ತದೆ. ಹೀಗಾಗಿ ಪೃಥ್ವಿ, ಮೃದುಲಾ, ಸ್ಮೃತಿ ಮುಂತಾದ ಹೆಸರುಗಳೆಲ್ಲ ಇಂಗ್ಲಿಷಿನಲ್ಲಿ ಎರಡೆರಡು ರೂಪಗಳಲ್ಲಿ ಓಡಾಡುತ್ತಿವೆ, ಮತ್ತು ದೇಶದಾದ್ಯಂತ ಹೆಚ್ಚು ಕಣ್ಣಿಗೆ ಬೀಳುವುದು ‘ಐ’ ಇರುವ ರೂಪವಾದ್ದರಿಂದ ‘ಯು’ ಬರೆದವರೇ ತಪ್ಪು ಬರೆದಂತೆ ಕಾಣುತ್ತದೆ. ನಾವು ಇಟ್ಟುಕೊಂಡ ಪರೀಕ್ಷೆ ಒಂದೇ: ಮಗುವನ್ನು ನೋಡಿರದ ಶಿಕ್ಷಕಿಯೊಬ್ಬರು ಹಾಜರಿ ಪುಸ್ತಕದಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಮಾತ್ರ ನೋಡಿ ಗಟ್ಟಿಯಾಗಿ ಕರೆದರೆ ಏನೆಂದು ಕರೆಯುತ್ತಾರೆ? ‘ಐ’ ಹಾಕಿದರೆ ಮೊದಲು ಪ್ರಿಥಾ ಆಗಿ, ಅಲ್ಲಿಂದ ಪ್ರೀತಾ ಆಗಿ, ತಿಂಗಳೊಪ್ಪತ್ತಿನಲ್ಲಿ ಪ್ರೀತಿ ಆಗಿಬಿಡುವ ಸಾಧ್ಯತೆ ಇತ್ತು. ಪ್ರೀತಿ ಒಳ್ಳೆಯ ಹೆಸರೇ, ಆದರೆ ಅದು ಬೇರೆ ಹುಡುಗಿಯ ಹೆಸರು. ‘ಯು’ ಹಾಕಿದರೆ ಹೆಚ್ಚೆಂದರೆ ಪ್ರುತಾ ಆಗಬಹುದು. ತಕಾರ ಮತ್ತು ಥಕಾರ ಎರಡಕ್ಕೂ ನಾವು ದಕ್ಷಿಣದವರು ‘ಟಿ’ ಮತ್ತು ‘ಎಚ್’ ಜೋಡಿಯನ್ನೇ ಬಳಸುತ್ತೇವೆ; ಗೀತಾ, ಕವಿತಾ, ಲಲಿತಾ ಎಂಬವರೆಲ್ಲ ಮೈಸೂರು ಕಡೆ ಆ ‘ಎಚ್’ ಇಟ್ಟುಕೊಂಡೇ ಬದುಕಿದ್ದಾರೆ. ಆ ಮಟ್ಟಿನ ಏರುಪೇರನ್ನು ಸಹಿಸಿಕೊಳ್ಳಬಹುದು ಎಂದುಕೊಂಡೆವು.

ಇಂಥ ಆಯ್ಕೆ ಹೊಸದೇನಲ್ಲ. ವಿಶ್ವೇಶ್ವರಯ್ಯನವರ ಹೆಸರಿನ ಪ್ರಚಲಿತ ಇಂಗ್ಲಿಷ್ ರೂಪದಲ್ಲಿ ಒಂದಾದರೂ ‘ಎಚ್’ ಇಲ್ಲ. ನಾವು ಇಂದು ಬರೆದರೆ ಎರಡು ಕಡೆ ಹಾಕುತ್ತಿದ್ದೆವು. ಕಾರ್ಯಪ್ಪನವರ ಹೆಸರು ‘ಕೆ’ಯಿಂದಲ್ಲ, ‘ಸಿ’ಯಿಂದ ಆರಂಭವಾಗುತ್ತದೆ. 2014ರ ನವೆಂಬರ್ 1ರಂದು ರಾಜ್ಯ ಸರ್ಕಾರವೇ ಬೆಂಗಳೂರು, ಮೈಸೂರು, ಬೆಳಗಾವಿ, ಶಿವಮೊಗ್ಗ ಸೇರಿದಂತೆ ಹನ್ನೆರಡು ಊರುಗಳ ಇಂಗ್ಲಿಷ್ ಕಾಗುಣಿತವನ್ನು ಕನ್ನಡದ ಬಾಯಿಗೆ ತಕ್ಕಂತೆ ತಿದ್ದಿತು. ಊರಿಗೆ ಸಲ್ಲುವ ನ್ಯಾಯ ನಮ್ಮ ಮನೆಯ ಕೂಸಿಗೂ ಸಲ್ಲಬೇಕೆಂಬುದು ನನ್ನ ವಾದ.

ಇಂಗ್ಲಿಷಿನ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವವರು ಕನ್ನಡದ ಸಾಲನ್ನು ನೋಡುವುದೇ ಇಲ್ಲ. ನಿಜವಾದ ಅಪಾಯ ಇರುವುದು ಅಲ್ಲಿ. ಆಧಾರ್ ನೋಂದಣಿಯಲ್ಲಿ ಇಂಗ್ಲಿಷ್ ಹೆಸರನ್ನು ಟೈಪ್ ಮಾಡಿದೊಡನೆ ಗಣಕಯಂತ್ರವೇ ಅದರ ಕನ್ನಡ ರೂಪವನ್ನು ಊಹಿಸಿ ತೋರಿಸುತ್ತದೆ. ನಮ್ಮ ಸರದಿ ಬಂದಾಗ ಪರದೆಯ ಮೇಲೆ ಮೂಡಿದ್ದು ‘ಪ್ರುತ’. ಅಲ್ಲಿದ್ದ ಹುಡುಗ ಪರದೆಯನ್ನು ನಮ್ಮತ್ತ ತಿರುಗಿಸಿ, ಸರಿ ಇದೆಯೇ ನೋಡಿ ಮೇಡಂ ಎಂದ. ತಿದ್ದಿಸಲು ಎರಡು ನಿಮಿಷವೂ ಹಿಡಿಯಲಿಲ್ಲ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಬಲ್ಲವರಿಗೆ ಪೃಥಾ ಎಂಬುದು ನಾಲ್ಕೇ ಒತ್ತು: ಸಣ್ಣ ಪಿ, ದೊಡ್ಡ ಆರ್, ದೊಡ್ಡ ಟಿ, ದೊಡ್ಡ ಎ. ರೋಮನ್ ಅಕ್ಷರಗಳಲ್ಲಿ ಆರು ಅಕ್ಷರ ಬರೆದೂ ಹಿಡಿಯಲಾಗದ ಉಚ್ಚಾರ ಇಲ್ಲಿ ನಾಲ್ಕರಲ್ಲಿ ಪೂರ್ತಿ ಸಿಗುತ್ತದೆ. ಆದ್ದರಿಂದ ಹೆಸರಿನ ಮೂಲರೂಪ ಯಾವುದೆಂದು ಯಾರಾದರೂ ಕೇಳಿದರೆ ನಾನು ಕನ್ನಡದ್ದನ್ನೇ ತೋರಿಸುತ್ತೇನೆ.

ಇನ್ನು ಗಂಗವ್ವ. ಮಧ್ಯದ ಹೆಸರು ಎಂದೊಡನೆ ಅದು ಅಮೆರಿಕದಿಂದ ತಂದದ್ದು ಎಂದು ನನ್ನ ತವರಿನ ಕಡೆಯ ಹಲವರು ಭಾವಿಸಿದರು. ಅವರ ತಪ್ಪಲ್ಲ; ಹಳೆಯ ಮೈಸೂರಿನವರಾದ ನಮಗೆ ಹೆಸರಿನ ಹಿಂದೆ ಎರಡು ಇನಿಷಿಯಲ್ ಇದ್ದರೆ ಮುಗಿಯಿತು, ಅವುಗಳಲ್ಲಿ ಊರೂ ಅಪ್ಪನೂ ಅಡಗಿ ಕೂತಿರುತ್ತಾರೆ. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರು ಡಿ.ವಿ.ಜಿ. ಆದದ್ದು, ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರು ಕುವೆಂಪು ಆದದ್ದು ಹೀಗೆಯೇ. ನನ್ನ ಗಂಡನ ಊರು ಧಾರವಾಡದ ಕಡೆ. ಹಿಂದೆ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಆ ಸೀಮೆಯಲ್ಲಿ ಮೊದಲು ಸ್ವಂತ ಹೆಸರು, ನಡುವೆ ಅಪ್ಪನ ಹೆಸರು, ಕೊನೆಗೆ ಮನೆತನದ ಹೆಸರು: ಭೀಮಸೇನ ಗುರುರಾಜ ಜೋಶಿ, ವಿನಾಯಕ ಕೃಷ್ಣ ಗೋಕಾಕ. ಮದುವೆಯಾದ ಹೆಣ್ಣುಮಕ್ಕಳಿಗೆ ಆ ನಡುವಿನ ಜಾಗದಲ್ಲಿ ಅಪ್ಪನ ಬದಲು ಗಂಡ ಬಂದು ಕೂರುವುದೂ ರೂಢಿ. ಅಂದರೆ ಮಧ್ಯದ ಹೆಸರಿಗೆ ನಮ್ಮ ನಾಡಿನಲ್ಲಿ ಜಾಗ ಮೊದಲಿನಿಂದಲೂ ಇದೆ, ಅಲ್ಲಿ ಯಾವಾಗಲೂ ಒಬ್ಬ ಗಂಡಸು ಇರುತ್ತಾನೆ ಅಷ್ಟೆ.

ನಾವು ಆ ಜಾಗವನ್ನು ಅತ್ತೆಗೆ ಕೊಟ್ಟೆವು. ಜನನ ಪ್ರಮಾಣಪತ್ರದಲ್ಲಿ ಅಪ್ಪನ ಹೆಸರಿಗೆ ಬೇರೆಯೇ ಅಂಕಣವಿದೆ, ಅಮ್ಮನ ಹೆಸರಿಗೂ ಇದೆ. ಅಜ್ಜಿಯ ಹೆಸರಿಗೆ ಇಲ್ಲ. ಅಪ್ಪನ ಹೆಸರನ್ನು ಮಗುವಿನ ಹೆಸರಿನೊಳಗೆ ಮತ್ತೊಮ್ಮೆ ಬರೆಯುವುದರಿಂದ ಯಾರಿಗೂ ಹೊಸದೇನೂ ತಿಳಿಯುವುದಿಲ್ಲ. ಮೇಲಾಗಿ ಕುಂತಿಯ ಹೆಸರಿಟ್ಟ ಮೇಲೆ ಹೆಂಗಸಿನ ಕಡೆಯಿಂದ ಗುರುತು ಹೇಳಿಕೊಳ್ಳುವುದು ಸಹಜವೂ ಆಗಿತ್ತು: ಪೃಥೆಯ ಮಗ ಪಾರ್ಥ, ರಾಧೆಯ ಮಗ ರಾಧೇಯ. ಧಾರವಾಡದವರಿಗಂತೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ; ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರು ಕಾವ್ಯಕ್ಕೆ ಸಹಿ ಹಾಕಿದ್ದು ಅಂಬಿಕಾತನಯದತ್ತ ಎಂದು.

ಸುದ್ದಿ ತಿಳಿದಾಗ ಅತ್ತೆ, ‘ನನ್ನ ಹೆಸರು ಹಳೀದಾತವಾ, ಕೂಸಿಗ್ಯಾಕ ಅದು?’ ಎಂದರು. ಗಂಗಾ ಎಂದಿಟ್ಟಿದ್ದರೆ ಸಾಕಿತ್ತು ಎಂದವರೂ ಇದ್ದಾರೆ. ಹಾಗೆ ಮಾಡಿದ್ದರೆ ಅದು ನದಿಯ ಹೆಸರಾಗುತ್ತಿತ್ತೇ ಹೊರತು ಅವರದಾಗುತ್ತಿರಲಿಲ್ಲ. ಇಲ್ಲಿಯೂ ಕಾಗುಣಿತದ ಪ್ರಶ್ನೆ ಬಂತು: ಆ ಕಡೆಯ ಹಳೆಯ ಕಾಗದಪತ್ರಗಳಲ್ಲಿ ‘ಅವ್ವ’ವನ್ನು ಎರಡು ‘ವಿ’ಯಿಂದಲೂ ಬರೆಯುತ್ತಾರೆ, ಎರಡು ‘ಡಬ್ಲ್ಯು’ವಿನಿಂದಲೂ ಬರೆಯುತ್ತಾರೆ. ಅತ್ತೆಯ ಮತದಾರರ ಚೀಟಿಯಲ್ಲಿ ‘ವಿ’ ಇತ್ತು, ಅದನ್ನೇ ಉಳಿಸಿಕೊಂಡೆವು.

ಹೀಗೇ ಮಾಡಬೇಕೆಂದಿರುವವರಿಗೆ ಕಚೇರಿಯ ಕೆಲಸದ ಬಗ್ಗೆ ಒಂದೆರಡು ಮಾತು. ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕು ಎಂದರೆ ಹೆಸರನ್ನೂ ಅಷ್ಟರೊಳಗೆ ನಿರ್ಧರಿಸಬೇಕೆಂದಲ್ಲ; ಅಂಕಣವನ್ನು ಖಾಲಿ ಬಿಟ್ಟು, ನೋಂದಣಿಯಾದ ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಅವಸರದಲ್ಲಿ ಆಸ್ಪತ್ರೆಯ ಅರ್ಜಿಯಲ್ಲೇ ಏನೋ ಒಂದು ಬರೆಯುವುದಕ್ಕಿಂತ ಇದು ಮೇಲು, ಏಕೆಂದರೆ 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಯ ಪ್ರವೇಶದಿಂದ ಪಾಸ್‌ಪೋರ್ಟಿನವರೆಗೆ ಹುಟ್ಟಿದ ದಿನ ಮತ್ತು ಸ್ಥಳಕ್ಕೆ ಜನನ ಪ್ರಮಾಣಪತ್ರವೇ ಆಧಾರ, ಮತ್ತು ಮುಂದಿನ ದಾಖಲೆಗಳ ಕಾಗುಣಿತವೆಲ್ಲ ಅದನ್ನೇ ಹಿಂಬಾಲಿಸುತ್ತದೆ. ಕಾಗುಣಿತ ವಿಚಿತ್ರವಾಗಿದ್ದರೆ ತೊಂದರೆಯಿಲ್ಲ, ಒಂದೊಂದು ಕಡೆ ಒಂದೊಂದು ಥರ ಇದ್ದರೆ ತೊಂದರೆ.

ಭಾರತದ ಪಾಸ್‌ಪೋರ್ಟಿನಲ್ಲಿ ಮಧ್ಯದ ಹೆಸರಿಗೆ ಬೇರೆ ಜಾಗವೇ ಇಲ್ಲ. ಇರುವುದು ಎರಡೇ ಅಂಕಣ, ಸ್ವಂತ ಹೆಸರು ಮತ್ತು ಮನೆತನದ ಹೆಸರು. ಗಂಗವ್ವ ಹೋಗಿ ಪೃಥಾಳ ಪಕ್ಕದಲ್ಲಿ ಕೂರುತ್ತಾರೆ. ವಿಮಾನದ ಟಿಕೆಟ್ಟಿನಲ್ಲಿ ಎರಡೂ ಹೆಸರು ನಡುವೆ ಜಾಗವಿಲ್ಲದೆ ಅಂಟಿಕೊಂಡು ಬಂದರೆ ಗಾಬರಿಯಾಗಬೇಕಿಲ್ಲ. ಪಾಸ್‌ಪೋರ್ಟಿನ ಪುಟದ ಕೆಳಗೆ ಯಂತ್ರ ಓದುವ ಸಾಲಿನಲ್ಲಿ ಹೆಸರಿಗೆಂದು 39 ಸ್ಥಾನಗಳಿವೆ. ನಮ್ಮ ಮಗಳ ಮೂರು ಹೆಸರುಗಳು ನಡುವಿನ ಗುರುತುಗಳೂ ಸೇರಿ 23ರಲ್ಲಿ ಮುಗಿಯುತ್ತವೆ. ಉದ್ದವಾಯಿತೆಂದು ಮೂಗೆಳೆದವರಿಗೆ ನಾನು ಈ ಲೆಕ್ಕವನ್ನು ಹೇಳುತ್ತೇನೆ.

ನಿತ್ಯದ ಬಳಕೆಯಲ್ಲಿ ಅವಳು ಪೃಥಾ ಜಿ. ಅಂಗಡಿ. ಆ ‘ಜಿ’ ಅಪ್ಪನದೇ ಇರಬೇಕೆಂದು ಎಲ್ಲರೂ ತಮಗೆ ತಾವೇ ತೀರ್ಮಾನಿಸಿಕೊಳ್ಳುತ್ತಾರೆ. ಲಸಿಕೆಯ ದಿನ ನೆನಪಿಸಲು ಕರೆ ಮಾಡುವವರೊಬ್ಬರು ಪ್ರತಿ ಸಲವೂ ‘ಗಂಗಾಧರ್ ಅವರಾ ಸಾರ್?’ ಎಂದೇ ಕೇಳುತ್ತಾರೆ, ನನ್ನ ಗಂಡ ‘ಹೌದ್ರಿ, ಹೇಳ್ರಿ’ ಎನ್ನುತ್ತಾರೆ.