ಮರ ಮಾಡುತ್ತಿದ್ದ ಕೆಲಸವನ್ನು ಕಾಂಕ್ರೀಟಿಗೆ ಕಲಿಸಿದ ಬಗೆ

ರೈಲು ಹಳಿಯ ಕೆಳಗೆ ಅಡ್ಡಲಾಗಿ ಮಲಗಿರುವ ಸ್ಲೀಪರಿನ ಕೆಲಸವೇನು ಎಂದು ಕೇಳಿದರೆ ಸಿವಿಲ್ ಎಂಜಿನಿಯರಿಂಗ್ ಓದಿದವರು ಸಾಮಾನ್ಯವಾಗಿ ಮೂರು ಉತ್ತರ ಕೊಡುತ್ತಾರೆ: ಎರಡು ಹಳಿಗಳ ನಡುವಿನ ಅಂತರವನ್ನು ಕಾಯುವುದು, ಗಾಲಿಯ ಭಾರವನ್ನು ಜಲ್ಲಿಗೆ ಹರಡುವುದು, ಹಳಿ ಅತ್ತಿತ್ತ ಸರಿಯದಂತೆ ಹಿಡಿದಿಡುವುದು. ಮರದ ಸ್ಲೀಪರು ಇವುಗಳ ಜೊತೆಗೆ ಇನ್ನೆರಡು ಕೆಲಸಗಳನ್ನು ಯಾರೂ ಹೇಳದೆಯೇ ಮಾಡಿಕೊಡುತ್ತಿತ್ತು. ಗಾಲಿಯ ಹೊಡೆತವನ್ನು ತನ್ನ ನಾರಿನೊಳಗೆ ಹೀರಿಕೊಳ್ಳುತ್ತಿತ್ತು. ಸಿಗ್ನಲ್ ವ್ಯವಸ್ಥೆಗಾಗಿ ಹಳಿಗಳಲ್ಲಿ ಹರಿಸುವ ಅಲ್ಪ ವಿದ್ಯುತ್ತು ಒಂದು ಹಳಿಯಿಂದ ಇನ್ನೊಂದಕ್ಕೆ ದಾಟದಂತೆ ತಡೆಯುತ್ತಿತ್ತು. ವೃತ್ತಿಜೀವನದ ಮೊದಲ ವರ್ಷಗಳನ್ನು ನಾನು ಕಾಂಕ್ರೀಟ್ ಸ್ಲೀಪರು ತಯಾರಿಸುವ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿ ಕಳೆದೆ. ಮರಕ್ಕೆ ಸಮನಾದ ಬಲವನ್ನು ಕಾಂಕ್ರೀಟಿಗೆ ತಂದುಕೊಡುವುದು ಈ ವಿನ್ಯಾಸದ ಸುಲಭದ ಭಾಗವೆಂದೂ, ಮರ ಸದ್ದಿಲ್ಲದೆ ಮಾಡುತ್ತಿದ್ದ ಕೆಲಸಗಳನ್ನು ಬೇರೆ ಬೇರೆ ಬಿಡಿಭಾಗಗಳಿಗೆ ಹಂಚಿ ಒಪ್ಪಿಸುವುದೇ ನಿಜವಾದ ಕಷ್ಟವೆಂದೂ ಅಲ್ಲಿ ನನಗೆ ಮನದಟ್ಟಾಯಿತು.

ಮರದ ಸ್ಲೀಪರಿಗೆ ತೆತ್ತ ಬೆಲೆಯನ್ನು ಮೊದಲು ನೆನೆಯಬೇಕು. ಭಾರತದ ಬ್ರಾಡ್‌ಗೇಜ್ ಮರದ ಸ್ಲೀಪರು 2750 ಮಿ.ಮೀ. ಉದ್ದ, 250 ಮಿ.ಮೀ. ಅಗಲ, 130 ಮಿ.ಮೀ. ದಪ್ಪದ್ದು. ಕಿಲೋಮೀಟರಿಗೆ 1540 ಸ್ಲೀಪರುಗಳಂತೆ ಲೆಕ್ಕ ಹಾಕಿದರೂ, ಕೊಯ್ದು ಹದಮಾಡಿದ ಗಟ್ಟಿ ಮರವೇ ಸುಮಾರು 137 ಘನ ಮೀಟರ್ ಬೇಕು. ಅದನ್ನು ಕೊಡಲು ಕಡಿದ ಮರ ಇದಕ್ಕಿಂತ ಎಷ್ಟೋ ಹೆಚ್ಚು. 1853ರಲ್ಲಿ ಮುಂಬಯಿಯಿಂದ ಠಾಣೆಗೆ ಮೊದಲ ರೈಲು ಓಡಿದ ನಂತರದ ಒಂದೇ ದಶಕದಲ್ಲಿ ಈ ಬೇಡಿಕೆ ಕಾಡುಗಳನ್ನು ಬರಿದು ಮಾಡತೊಡಗಿತು. 1864ರಲ್ಲಿ ಡೀಟ್ರಿಚ್ ಬ್ರ್ಯಾಂಡಿಸ್ ಅವರನ್ನು ಅರಣ್ಯಗಳ ಮೊದಲ ಇನ್‌ಸ್ಪೆಕ್ಟರ್ ಜನರಲ್ ಆಗಿ ನೇಮಿಸಿ ಅರಣ್ಯ ಇಲಾಖೆಯನ್ನು ಕಟ್ಟಿದ್ದಕ್ಕೆ ಸ್ಲೀಪರುಗಳ ಚಿಂತೆಯೂ ಒಂದು ದೊಡ್ಡ ಕಾರಣ. ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ರೈಲು ಬಂದದ್ದೂ ಅದೇ ವರ್ಷ. ಉತ್ತರದಲ್ಲಿ ದೇವದಾರು, ಮಧ್ಯಭಾರತದಲ್ಲಿ ಸಾಲ, ನಮ್ಮ ಪಶ್ಚಿಮ ಘಟ್ಟದ ಕಡೆ ತೇಗ, ಜಂಬೆ ಮುಂತಾದ ಮರಗಳು ಹಳಿಗಳ ಕೆಳಗೆ ಸೇರಿದವು. ಕ್ರಿಯೋಸೋಟ್ ಎಣ್ಣೆ ಉಣಿಸಿದರೂ ಗೆದ್ದಲು, ಕೊಳೆತ, ಮೊಳೆ ಬಡಿದಲ್ಲಿ ಸಡಿಲವಾಗುವುದು, ಇವುಗಳಿಂದಾಗಿ ಹತ್ತು ಹದಿನೈದು ವರ್ಷಗಳಲ್ಲಿ ಅವನ್ನು ಬದಲಿಸಬೇಕಾಗುತ್ತಿತ್ತು. ಎಂದರೆ ಕಾಡು ಒಂದು ಸಲ ತೆತ್ತರೆ ಮುಗಿಯುತ್ತಿರಲಿಲ್ಲ.

ಮರಕ್ಕೂ ಕಾಂಕ್ರೀಟಿಗೂ ನಡುವೆ ನಮ್ಮಲ್ಲಿ ಲೋಹದ ಸ್ಲೀಪರುಗಳ ದೀರ್ಘ ಕಾಲವೊಂದಿತ್ತು. ಎರಕದ ಕಬ್ಬಿಣದ ಸಿ.ಎಸ್.ಟಿ.-9 ಮತ್ತು ಉಕ್ಕಿನ ತೊಟ್ಟಿಯಾಕಾರದ ಸ್ಲೀಪರುಗಳು ಸಾವಿರಾರು ಕಿಲೋಮೀಟರ್ ಹಳಿಗಳನ್ನು ಹೊತ್ತವು. ಆದರೆ ವಿದ್ಯುತ್ತನ್ನು ತಡೆಯಲಾರದ ಕಾರಣ, ಸಿಗ್ನಲ್ಲಿಗಾಗಿ ಹಳಿಗಳಲ್ಲಿ ವಿದ್ಯುತ್ತು ಹರಿಸುವ ಟ್ರ್ಯಾಕ್ ಸರ್ಕ್ಯೂಟುಗಳಿಗೆ ಅವು ಒಗ್ಗಲಿಲ್ಲ, ವೇಗ ಹೆಚ್ಚಿದಂತೆ ಜೋಡಣೆಗಳೂ ನಿಲ್ಲಲಿಲ್ಲ.

ಕಾಂಕ್ರೀಟಿನ ಯೋಚನೆ ಹೊಸದೇನಲ್ಲ. ಫ್ರಾನ್ಸಿನ ಜೋಸೆಫ್ ಮೋನಿಯೇ 1877ರಲ್ಲಿಯೇ ಕಬ್ಬಿಣ ಹುದುಗಿಸಿದ ಕಾಂಕ್ರೀಟ್ ಸ್ಲೀಪರಿಗೆ ಪೇಟೆಂಟ್ ಪಡೆದಿದ್ದರು. ಸಾಧಾರಣ ಆರ್‌ಸಿಸಿ ತೊಲೆಯಲ್ಲಿ ಕಬ್ಬಿಣ ತನ್ನ ಪಾಲಿನ ಎಳೆತವನ್ನು ಹೊರುವ ಹೊತ್ತಿಗೆ ಸುತ್ತಲಿನ ಕಾಂಕ್ರೀಟು ಕೂದಲೆಳೆಯಷ್ಟು ಬಿರಿದಿರುತ್ತದೆ. ಮನೆಯ ತೊಲೆಯಲ್ಲಿ ಅದರಿಂದ ತೊಂದರೆಯಿಲ್ಲ. ದಿನಕ್ಕೆ ಸಾವಿರಾರು ಗಾಲಿಗಳು ಬಡಿದು ಹೋಗುವ, ಮಳೆನೀರಿನಲ್ಲಿ ನೆನೆಯುವ ಸ್ಲೀಪರಿನಲ್ಲಿ ಅದೇ ಕೂದಲೆಳೆಯ ಬಿರುಕು ತೆರೆದು ಮುಚ್ಚಿ, ತೆರೆದು ಮುಚ್ಚಿ, ಒಳಗಿನ ಕಬ್ಬಿಣವನ್ನೇ ತಿನ್ನುತ್ತದೆ. ಎರಡನೇ ಮಹಾಯುದ್ಧದಲ್ಲಿ ಮರದ ಆಮದು ಕಷ್ಟವಾದಾಗ ಬ್ರಿಟನ್ನಿನವರು 1943ರ ಸುಮಾರಿಗೆ ಪ್ರಿಸ್ಟ್ರೆಸ್ಡ್ ಕಾಂಕ್ರೀಟಿನ ಸ್ಲೀಪರುಗಳನ್ನು ಹಾಕಿದ ಮೇಲಷ್ಟೇ ಈ ದಾರಿ ಗಟ್ಟಿಯಾಯಿತು. ಫ್ರೆಂಚರು ಇನ್ನೊಂದು ದಾರಿ ಹಿಡಿದು, ಎರಡು ಕಾಂಕ್ರೀಟ್ ತುಂಡುಗಳನ್ನು ಉಕ್ಕಿನ ಸರಳಿನಿಂದ ಜೋಡಿಸಿದ ಸ್ಲೀಪರನ್ನು ರೂಢಿಗೆ ತಂದರು. ಭಾರತವು 1960-70ರ ದಶಕಗಳ ಪ್ರಯೋಗಗಳ ನಂತರ ಒಂದೇ ತುಂಡಿನ ಪ್ರಿಸ್ಟ್ರೆಸ್ಡ್ ಸ್ಲೀಪರನ್ನು, ಅಂದರೆ ನಾವೆಲ್ಲ ಕರೆಯುವ ಪಿ.ಎಸ್.ಸಿ. ಸ್ಲೀಪರನ್ನು, ಆರಿಸಿಕೊಂಡಿತು.

ಪ್ರಿಸ್ಟ್ರೆಸ್ಸಿಂಗ್ ಎಂದರೇನು ಎಂಬುದನ್ನು ಎತ್ತಿನ ಗಾಡಿಯ ಗಾಲಿ ಕಟ್ಟುವುದನ್ನು ನೋಡಿದವರಿಗೆ ಹೇಳಿಕೊಡಬೇಕಿಲ್ಲ. ಕಾಯಿಸಿದ ಕಬ್ಬಿಣದ ಪಟ್ಟಿಯನ್ನು ಗಾಲಿಗೆ ತೊಡಿಸಿ ನೀರು ಹುಯ್ದರೆ, ಕುಗ್ಗಿದ ಪಟ್ಟಿ ಮರದ ತುಂಡುಗಳನ್ನೆಲ್ಲ ಒತ್ತಿ ಹಿಡಿದು, ಮುಂದೆ ಯಾವ ಕುಲುಕಿಗೂ ಸಂದು ಬಿಡದಂತೆ ಮಾಡುತ್ತದೆ. ಸ್ಲೀಪರಿನಲ್ಲಿ ಈ ಕೆಲಸವನ್ನು ಉಕ್ಕಿನ ತಂತಿಗಳು ಮಾಡುತ್ತವೆ. ರೈಲ್ವೆಯ ಸಂಶೋಧನೆ ಮತ್ತು ವಿನ್ಯಾಸ ಸಂಸ್ಥೆಯಾದ ಲಖನೌದ ಆರ್.ಡಿ.ಎಸ್.ಓ. ಸಿದ್ಧಪಡಿಸಿದ, ದೇಶದಲ್ಲೆಲ್ಲ ಬಳಕೆಯಲ್ಲಿರುವ ಟಿ-2496 ವಿನ್ಯಾಸದಲ್ಲಿ, ಮೂರು ಮಿ.ಮೀ.ನ ಮೂರು ತಂತಿಗಳನ್ನು ಹೊಸೆದ 18 ಎಳೆಗಳಿವೆ. ಕಾಂಕ್ರೀಟು ಸುರಿಯುವ ಮೊದಲು ಪ್ರತಿ ಎಳೆಯನ್ನೂ ಸುಮಾರು 27 ಕಿಲೋನ್ಯೂಟನ್ ಬಲದಿಂದ ಜಗ್ಗಿ ಹಿಡಿಯುತ್ತಾರೆ. ಒಟ್ಟು ಸುಮಾರು 49 ಟನ್ನಿನ ಎಳೆತ. ಕಾಂಕ್ರೀಟು ಗಟ್ಟಿಯಾದ ಮೇಲೆ ಎಳೆಗಳನ್ನು ಬಿಟ್ಟರೆ ಅವು ಕುಗ್ಗಲೆತ್ನಿಸಿ ಕಾಂಕ್ರೀಟನ್ನು ಅದುಮುತ್ತವೆ. ಗಾಲಿಯ ಭಾರವು ಮೊದಲು ಈ ಅದುಮನ್ನು ಸವೆಸಬೇಕು, ಆಮೇಲಷ್ಟೇ ಎಳೆತ ಹುಟ್ಟಲು ಸಾಧ್ಯ.

ನಾಲ್ಕು ದಪ್ಪ ಸರಳುಗಳ ಬದಲು ಇಷ್ಟೊಂದು ಸಣ್ಣ ತಂತಿಗಳು ಏಕೆ ಎಂಬ ಪ್ರಶ್ನೆ ನನಗೆ ಬಹಳ ಇಷ್ಟವಾದದ್ದು. ಈ ತಂತಿಗಳ ತುದಿಯಲ್ಲಿ ಬೀಗವೂ ಇಲ್ಲ, ಬೋಲ್ಟೂ ಇಲ್ಲ. ಕಾಂಕ್ರೀಟು ತಂತಿಯ ಮೈಯನ್ನು ಕಚ್ಚಿ ಹಿಡಿದಿರುವುದಷ್ಟೇ ಆಧಾರ. ಸ್ಲೀಪರಿನ ತುದಿಯಿಂದ ಹಳಿಯ ಮಧ್ಯಕ್ಕೆ ಇರುವ ದೂರ ಸುಮಾರು ಅರ್ಧ ಮೀಟರ್ ಮಾತ್ರ. ತುದಿಯಲ್ಲಿ ಸೊನ್ನೆಯಿಂದ ಶುರುವಾಗುವ ಅದುಮು, ಹಳಿ ಕೂರುವ ಜಾಗಕ್ಕೆ ಬರುವಷ್ಟರಲ್ಲಿ ಪೂರ್ತಿ ಬೆಳೆದಿರಬೇಕು. ಅಷ್ಟೇ ಉಕ್ಕನ್ನು ಸಣ್ಣ ಸಣ್ಣ ಎಳೆಗಳಾಗಿ ಸೀಳಿದರೆ ಕಾಂಕ್ರೀಟಿಗೆ ಕಚ್ಚಿಕೊಳ್ಳಲು ಮೈ ಹೆಚ್ಚು ಸಿಗುತ್ತದೆ, ಹಾಗಾಗಿ ಕಡಿಮೆ ದೂರದಲ್ಲಿ ಬಲ ದಾಟುತ್ತದೆ. ಸೇತುವೆಯ ಗರ್ಡರಿನಲ್ಲಿ ಈ ಅರ್ಧ ಮೀಟರಿನ ಲೆಕ್ಕ ಯಾರನ್ನೂ ಕಾಡುವುದಿಲ್ಲ. ಸ್ಲೀಪರಿನಲ್ಲಿ ಅದೇ ಎಲ್ಲವನ್ನೂ ನಿರ್ಧರಿಸುತ್ತದೆ.

ಇನ್ನು ಆಕಾರದ ಮಾತು. ನಿಲ್ದಾಣದಲ್ಲಿ ಸ್ಲೀಪರನ್ನು ಒಮ್ಮೆ ಗಮನಿಸಿ ನೋಡಿದರೆ, ಹಳಿಯ ಕೆಳಗೆ ಎತ್ತರವಾಗಿಯೂ ನಡುವೆ ತಗ್ಗಾಗಿಯೂ ಇರುವುದು ಕಾಣುತ್ತದೆ. ಹಳಿ ಕೂರುವಲ್ಲಿ ಅದರ ಆಳ 210 ಮಿ.ಮೀ., ಮಧ್ಯದಲ್ಲಿ 180 ಮಿ.ಮೀ. ಕಾಂಕ್ರೀಟು ಉಳಿಸಲು ಹೀಗೆ ಮಾಡಿದ್ದಾರೆಂದು ಹಲವರು ತಿಳಿದಿದ್ದಾರೆ. ವಾಸ್ತವದಲ್ಲಿ ಹಳಿಯ ಕೆಳಗೆ ಸ್ಲೀಪರು ಕೆಳಮುಖವಾಗಿ ಬಾಗಿ ಅದರ ತಳ ಬಿರಿಯಲು ನೋಡುತ್ತದೆ. ರೈಲುಗಳು ಓಡಿ ಓಡಿ ಎರಡು ಬದಿಯ ಜಲ್ಲಿ ಕುಸಿದು ಮಧ್ಯದ ಜಲ್ಲಿ ಗಟ್ಟಿಯಾಗಿ ಉಳಿದರೆ, ಸ್ಲೀಪರು ತಕ್ಕಡಿಯ ದಂಡದ ಹಾಗೆ ನಡುವಿನ ಮೇಲೆ ನಿಂತು, ಈಗ ಮಧ್ಯಭಾಗದ ಮೇಲ್ಮೈ ಬಿರಿಯಲು ನೋಡುತ್ತದೆ. ಒಂದೇ ತೊಲೆಯಲ್ಲಿ ಒಂದು ಕಡೆ ತಳಕ್ಕೆ, ಇನ್ನೊಂದು ಕಡೆ ನೆತ್ತಿಗೆ ಅದುಮು ಹೆಚ್ಚು ಬೇಕು. ಆದರೆ ಬಿಗಿದ ತಂತಿ ನೇರವಾಗಿಯೇ ಇರುತ್ತದೆ, ಅದನ್ನು ಅಲ್ಲಲ್ಲಿ ಬಗ್ಗಿಸಲು ಬರುವುದಿಲ್ಲ. ವಿನ್ಯಾಸಕರು ತಂತಿಯನ್ನು ಹಾಗೆಯೇ ಬಿಟ್ಟು ಕಾಂಕ್ರೀಟಿನ ಮೇಲ್ಮೈಯನ್ನು ಬಗ್ಗಿಸಿದರು. ಹಳಿಯ ಕೆಳಗೆ ಆಳ ಹೆಚ್ಚಿರುವುದರಿಂದ ತಂತಿಗಳ ಗುಂಪು ಅಡ್ಡಕೊಯ್ತದ ಗುರುತ್ವಕೇಂದ್ರದಿಂದ ಕೆಳಗೆ ಬೀಳುತ್ತದೆ. ಮಧ್ಯದಲ್ಲಿ ನೆತ್ತಿ ತಗ್ಗಿದ್ದರಿಂದ ಆ ಕೇಂದ್ರವೇ ಕೆಳಗಿಳಿದು, ಅದೇ ನೇರ ತಂತಿಗಳು ಅಲ್ಲಿ ನೆತ್ತಿಗೆ ನೆರವಾಗುತ್ತವೆ. ಇಷ್ಟು ಸರಳವಾದ ಉಪಾಯ ಇಷ್ಟು ಪೂರ್ತಿಯಾಗಿ ಕೆಲಸ ಮಾಡುವುದನ್ನು ನಾನು ಬೇರೆ ಕಡೆ ಹೆಚ್ಚು ಕಂಡಿಲ್ಲ.

ಲೆಕ್ಕ ಶುರುವಾಗುವುದು ಗಾಲಿಯಿಂದ. 22.5 ಟನ್ನಿನ ಆಕ್ಸಲ್ ಎಂದರೆ ಒಂದು ಗಾಲಿಗೆ 11.25 ಟನ್. ಓಡುವಾಗಿನ ಹೊಡೆತ, ಚಪ್ಪಟೆಯಾದ ಗಾಲಿ, ಹಳಿಯ ಬೆಸುಗೆ ಇವೆಲ್ಲ ಸೇರಿ ಅದು ಎರಡೂವರೆ ಪಟ್ಟಿನವರೆಗೂ ಹೋಗಬಹುದೆಂದು ಹಿಡಿದು, ಅದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಪಾಲು ಗಾಲಿಯ ನೇರ ಕೆಳಗಿನ ಸ್ಲೀಪರಿಗೆ ಬರುತ್ತದೆಂದು ಎಣಿಸಿದರೆ, ಹಳಿ ಕೂರುವ ಪ್ರತಿ ಜಾಗಕ್ಕೂ 15 ಟನ್ನಿನ ಆಸುಪಾಸು ಭಾರ ಸಿಗುತ್ತದೆ. ಭಾರತದ ವಿನ್ಯಾಸ ಇದನ್ನೇ ಹಿಡಿದಿದೆ. ಜೊತೆಗೆ ಮಧ್ಯದ ಜಲ್ಲಿ ತಳದಿಂದ ಒತ್ತುವ ಸ್ಥಿತಿಯನ್ನೂ, ತಿರುವಿನಲ್ಲಿ ಒಂದು ಹಳಿಯನ್ನು 7 ಟನ್ ಬಲ ಹೊರಕ್ಕೆ ದೂಡುವ ಸ್ಥಿತಿಯನ್ನೂ ಪರಿಗಣಿಸುತ್ತದೆ.

ಮರ ಉಚಿತವಾಗಿ ಕೊಡುತ್ತಿದ್ದ ಗುಣಗಳ ಹಂಚಿಕೆ ನಡೆದದ್ದು ಹಳಿಯನ್ನು ಬಿಗಿಯುವ ಜಾಗದಲ್ಲಿ. ಹೊಡೆತ ಹೀರುವ ಕೆಲಸ ಹಳಿಯ ಕೆಳಗಿನ ಗೀರುಗಳಿರುವ ರಬ್ಬರ್ ಪ್ಯಾಡಿಗೆ ಹೋಯಿತು. ವಿದ್ಯುತ್ತು ತಡೆಯುವ ಕೆಲಸ ಅದೇ ಪ್ಯಾಡಿಗೂ, ಹಳಿಯ ಪಾದದ ಮೇಲೆ ಕೂರುವ ಗಾಜಿನ ನಾರು ಬೆರೆಸಿದ ನೈಲಾನ್ ಲೈನರಿಗೂ ಹೋಯಿತು. ಮೊಳೆಯ ಜಾಗಕ್ಕೆ, ಕಾಂಕ್ರೀಟಿನಲ್ಲೇ ಹುದುಗಿಸಿದ ಎರಕದ ಕಬ್ಬಿಣದ ಇನ್ಸರ್ಟಿಗೆ ಬಡಿದು ಸೇರಿಸುವ, ಸುರುಳಿಯಂತೆ ತಿರುಚಿದ ಎಲಾಸ್ಟಿಕ್ ಕ್ಲಿಪ್ ಬಂತು. ಮಾರ್ಕ್-3 ಮಾದರಿಯ ಒಂದು ಕ್ಲಿಪ್ಪು ಹಳಿಯ ಪಾದವನ್ನು 850ರಿಂದ 1100 ಕಿಲೋ ಬಲದಿಂದ ಅದುಮಿ ಹಿಡಿಯುತ್ತದೆ. ಹಳಿಗೆ ಬೇಕಾದ 20ಕ್ಕೆ 1ರ ಒಳಮುಖ ವಾಲು ಅಚ್ಚಿನಲ್ಲೇ ಮೂಡಿಬರುತ್ತದೆ. ಮರದ ಸ್ಲೀಪರಿಗೆ ಬಾಚಿಯಿಂದ ಕೆತ್ತಿ, ಜಾಗದಲ್ಲೇ ರಂಧ್ರ ಕೊರೆದು ಸರಿಮಾಡಿಕೊಳ್ಳುವ ಅವಕಾಶವಿತ್ತು. ಕಾಂಕ್ರೀಟಿನಲ್ಲಿ ಅಚ್ಚು ಒಂದೆರಡು ಮಿ.ಮೀ. ತಪ್ಪಿದರೆ ಆ ತಪ್ಪು ಐವತ್ತು ವರ್ಷ ಅಲ್ಲೇ ಇರುತ್ತದೆ.

ತೂಕವೂ ವಿನ್ಯಾಸದ ಭಾಗವೇ. ಮರದ ಸ್ಲೀಪರು 70-80 ಕಿಲೋ ತೂಗಿದರೆ ಕಾಂಕ್ರೀಟಿನದು ಸುಮಾರು 267 ಕಿಲೋ. ಉದ್ದನೆಯ ಬೆಸುಗೆ ಹಳಿಗಳಿಗೆ ಈ ಭಾರವೇ ಬೇಕಾಗಿತ್ತು. ಮೀಟರಿಗೆ 60 ಕಿಲೋ ತೂಗುವ, ಸಂದುಗಳಿಲ್ಲದ ಹಳಿಯೊಂದು ಉಷ್ಣತೆ ಒಂದು ಡಿಗ್ರಿ ಏರಿದರೆ ಸುಮಾರು 1.9 ಟನ್ ಒತ್ತಡವನ್ನು ತನ್ನೊಳಗೆ ಕಟ್ಟಿಕೊಳ್ಳುತ್ತದೆ. ರಾಯಚೂರು, ಕಲಬುರಗಿ ಕಡೆಯ ಏಪ್ರಿಲ್ ಬಿಸಿಲಿಗೆ ಹಳಿಯ ಮೈ, ಅದನ್ನು ಸ್ಲೀಪರಿಗೆ ಬಿಗಿದ ಹೊತ್ತಿನ ಉಷ್ಣತೆಗಿಂತ 25 ಡಿಗ್ರಿ ಏರಿತೆಂದರೆ, ಎರಡು ಹಳಿಗಳೂ ಸೇರಿ 95 ಟನ್ನಿನಷ್ಟು ಬಲದಿಂದ ಪಕ್ಕಕ್ಕೆ ಬಾಗಲು ಹವಣಿಸುತ್ತವೆ. ಅದನ್ನು ತಡೆಯುವುದು ಜಲ್ಲಿಯಲ್ಲಿ ಹೂತ ಭಾರವಾದ ಸ್ಲೀಪರುಗಳು. ಆದರೆ ಅದೇ ಭಾರದಿಂದ ಗ್ಯಾಂಗ್‌ಮನ್‌ಗಳ ಕೆಲಸದ ಸ್ವರೂಪವೇ ಬದಲಾಯಿತು. ಕೆಲವೇ ಜನ ಹೊತ್ತು ಸಾಗಿಸುತ್ತಿದ್ದ ಸ್ಲೀಪರಿಗೆ ಈಗ ಕ್ರೇನು ಬೇಕು. ಬೀಟರ್ ಹಿಡಿದು ಜಲ್ಲಿ ಬಡಿಯುತ್ತಿದ್ದ ಜಾಗಕ್ಕೆ ಟ್ಯಾಂಪಿಂಗ್ ಯಂತ್ರ ಬೇಕು. ಯಂತ್ರಗಳು ಬರದೆ ಕಾಂಕ್ರೀಟ್ ಸ್ಲೀಪರು ಮಾತ್ರ ಬಂದಿದ್ದರೆ ಆ ಬದಲಾವಣೆ ನೆಲಕಚ್ಚುತ್ತಿತ್ತೆಂಬುದು ನನ್ನ ದೃಢ ಅಭಿಪ್ರಾಯ.

ಕಾರ್ಖಾನೆಯಲ್ಲಿ ಸ್ಲೀಪರು ಹುಟ್ಟುವುದು ತಲೆಕೆಳಗಾಗಿ. ಹಳಿ ಕೂರುವ ಮುಖ ಅಚ್ಚಿನ ತಳದಲ್ಲಿ ನುಣುಪಾಗಿ ಮೂಡಲಿ, ಜಲ್ಲಿಗೆ ತಾಗುವ ತಳ ಮೇಲುಮುಖವಾಗಿ ಒರಟಾಗಿಯೇ ಉಳಿಯಲಿ ಎಂಬುದು ಉದ್ದೇಶ. ತಂತಿ ಬಿಗಿದು, ಇನ್ಸರ್ಟುಗಳನ್ನು ಕೂರಿಸಿ, ಎಂ-55 ದರ್ಜೆಯ ಗಟ್ಟಿ ಕಾಂಕ್ರೀಟು ತುಂಬಿ, ಕಂಪನ ಕೊಟ್ಟು, ಹಬೆಯ ಕೋಣೆಗೆ ದೂಡುತ್ತಾರೆ. ಪರೀಕ್ಷೆಯ ಮಂಚದ ಮೇಲೆ ಹಳಿ ಕೂರುವ ಜಾಗಕ್ಕೆ 23 ಟನ್ ಬೀಳುವವರೆಗೂ ತಳದಲ್ಲಿ ಬಿರುಕು ಕಾಣಬಾರದು. ನಾವು ಭೂತಕನ್ನಡಿ ಹಿಡಿದು ಹುಡುಕುತ್ತಿದ್ದೆವು. ಭಾರವನ್ನು ಅದಕ್ಕೂ ಮೇಲೆ ಏರಿಸಿದಾಗ ಸೂಜಿಯಲ್ಲಿ ಗೀರಿದಂಥ ಗೆರೆಯೊಂದು ಕೆಳಗಿನ ಅಂಚಿನಿಂದ ಮೇಲಕ್ಕೆ ಏರುತ್ತಿತ್ತು. ಭಾರ ತೆಗೆದರೆ ಅದೇ ಗೆರೆ ಮುಚ್ಚಿಕೊಂಡು, ಪೆನ್ಸಿಲಿನಲ್ಲಿ ಗುರುತು ಹಾಕಿರದಿದ್ದರೆ ಮತ್ತೆ ಹುಡುಕಲೂ ಆಗುತ್ತಿರಲಿಲ್ಲ. ಪ್ರಿಸ್ಟ್ರೆಸ್ಸಿಂಗ್ ಎಂದರೇನೆಂದು ಕಣ್ಣಾರೆ ತಿಳಿಯುವ ಗಳಿಗೆ ಅದು.

ಹಬೆಯ ಕೋಣೆಯ ಬಗ್ಗೆ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಅಚ್ಚುಗಳು ಬೇಗ ಖಾಲಿಯಾಗಲೆಂದು ಉಷ್ಣತೆ ಏರಿಸುವ ಆಸೆ ಯಾವ ಕಾರ್ಖಾನೆಗಾದರೂ ಇರುತ್ತದೆ. ಕಾಂಕ್ರೀಟಿನ ಒಳಗಿನ ಉಷ್ಣತೆ ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದರೆ ಎಟ್ರಿಂಗೈಟ್ ಎಂಬ ಲವಣ ಆರಂಭದಲ್ಲಿ ಮೂಡದೆ, ವರ್ಷಗಳ ನಂತರ ತೇವ ಸಿಕ್ಕಾಗ ಗಟ್ಟಿಯಾದ ಕಾಂಕ್ರೀಟಿನೊಳಗೆ ಮೂಡಿ ಅದನ್ನು ಸೀಳುತ್ತದೆ. ಯುರೋಪಿನ ಕೆಲವು ದೇಶಗಳ ಸ್ಲೀಪರುಗಳು ಹೀಗೆ ಒಡೆದವು. ಅಮೆರಿಕದ ಈಶಾನ್ಯ ಕಾರಿಡಾರಿನಲ್ಲಿಯೂ 1990ರ ದಶಕದ ಸಾವಿರಾರು ಕಾಂಕ್ರೀಟ್ ಸ್ಲೀಪರುಗಳು ಅರ್ಧ ಆಯುಸ್ಸೂ ಮುಗಿಯುವ ಮೊದಲೇ ಬಿರಿದು, ಅವನ್ನು ಬದಲಿಸಬೇಕಾಯಿತು. ಲೆಕ್ಕದಲ್ಲಿ ಎಲ್ಲವೂ ಸರಿಯಿದ್ದ ಸ್ಲೀಪರು, ತಯಾರಿಕೆಯ ಒಂದು ರಾತ್ರಿಯ ಅವಸರದಿಂದ ಸೋಲುತ್ತದೆ. ಆದ್ದರಿಂದಲೇ ಸ್ಲೀಪರಿನ ನಕ್ಷೆಗಿಂತ ಹಬೆಯ ಕೋಣೆಯ ಉಷ್ಣತೆಯ ದಾಖಲೆಯನ್ನು ಮೊದಲು ನೋಡುವ ಅಭ್ಯಾಸ ನನಗೆ ಬಂದುಬಿಟ್ಟಿದೆ.

ಕೆಲವು ಕಡೆ ಮರವನ್ನು ಬಿಡಿಸುವುದು ತಡವಾಯಿತು. ಹಳಿಗಳು ಕವಲೊಡೆಯುವ ಪಾಯಿಂಟುಗಳಲ್ಲಿ ಪ್ರತಿ ಸ್ಲೀಪರಿನ ಉದ್ದವೂ ಇನ್ಸರ್ಟಿನ ಜಾಗವೂ ಬೇರೆ. ಒಂದೊಂದಕ್ಕೂ ಸಂಖ್ಯೆ ಕೊಟ್ಟು, ಬೀಸಣಿಗೆಯಂತೆ ಹರಡುವ ಇಡೀ ಸರಣಿಯನ್ನೇ ವಿನ್ಯಾಸಗೊಳಿಸಬೇಕಾಯಿತು. ಜಲ್ಲಿಯಿಲ್ಲದ ಉಕ್ಕಿನ ಗರ್ಡರ್ ಸೇತುವೆಗಳ ಮೇಲೆ ಕಾಂಕ್ರೀಟಿನ ತೂಕ ಮತ್ತು ಬಿಗಿತ ಎರಡೂ ಹೊಂದದೆ, ಅಲ್ಲಿ ಮರದ ನಂತರ ಉಕ್ಕಿನ ಚಾನೆಲ್ ಸ್ಲೀಪರುಗಳೂ, ಈಚೆಗೆ ನಾರು ಬೆರೆಸಿದ ಕಾಂಪೋಸಿಟ್ ಸ್ಲೀಪರುಗಳೂ ಬಂದಿವೆ. ಜಲ್ಲಿ ಹಾಸಿದ ದಾರಿಯಲ್ಲಿ 25 ಟನ್ನಿನ ಆಕ್ಸಲ್‌ಗಾಗಿ ಮುನ್ನೂರು ಕಿಲೋ ಮೀರಿದ ಅಗಲ ತಳದ ಹೊಸ ಸ್ಲೀಪರು ಹಳೆಯದರ ಜಾಗಕ್ಕೆ ಬರುತ್ತಿದೆ. ತಳ ಅಗಲವಾದಷ್ಟೂ ಜಲ್ಲಿಯ ಮೇಲಿನ ಒತ್ತಡ ಇಳಿಯುತ್ತದೆ, ನಿಜ. ಆದರೆ ಬಿಗಿತ ಉಳಿದೇ ಇರುವುದರಿಂದ ಜಲ್ಲಿ ನುಗ್ಗಾಗುವುದು ಪೂರ್ತಿ ನಿಲ್ಲುವುದಿಲ್ಲ. ಸ್ಲೀಪರಿನ ತಳಕ್ಕೇ ಮೆದುವಾದ ಪ್ಯಾಡು ಅಂಟಿಸುವ ಯುರೋಪಿನ ಕ್ರಮವನ್ನು ನಮ್ಮ ಭಾರದ ಗೂಡ್ಸ್ ಮಾರ್ಗಗಳಲ್ಲಿಯೂ ಘಟ್ಟದ ತಿರುವುಗಳಲ್ಲಿಯೂ, ವಿಶೇಷವಾಗಿ 50ಕ್ಕೆ 1ರ ಏರಿನ ಸಕಲೇಶಪುರ–ಸುಬ್ರಹ್ಮಣ್ಯ ದಾರಿಯಂಥಲ್ಲಿ, ವ್ಯಾಪಕವಾಗಿ ಅಳೆದು ನೋಡಬೇಕೆಂದು ನಾನು ಬಯಸುತ್ತೇನೆ. ವರ್ಷಕ್ಕೆ ಎಷ್ಟು ಸಲ ಟ್ಯಾಂಪಿಂಗ್ ಮಾಡಬೇಕಾಯಿತು ಎಂಬ ಒಂದೇ ಲೆಕ್ಕವನ್ನು ಪ್ಯಾಡಿರುವ ಮತ್ತು ಇಲ್ಲದ ಪಕ್ಕಪಕ್ಕದ ತುಂಡುಗಳಲ್ಲಿ ಇಟ್ಟರೂ ಮುಂದಿನ ವಿನ್ಯಾಸಕ್ಕೆ ಸಾಕಷ್ಟು ಸಾಮಗ್ರಿ ಸಿಗುತ್ತದೆ.