ಅವ್ವ, ಚಾಮುಂಡಿ ರೈಲು ಮತ್ತು ಮೂರು ದಿನದ ಚರ್ಚೆ

ಮಂಡ್ಯ
17 ನವೆಂಬರ್ 2024, ಭಾನುವಾರ ರಾತ್ರಿ

ಬೆಂಗಳೂರಿನ ವಿಜಯನಗರದಲ್ಲಿ ಚಿಕ್ಕಮ್ಮನ ಮೊಮ್ಮಗನ ನಾಮಕರಣ ಮುಗಿಸಿ ಈಗ ತಾನೇ ಮನೆ ಸೇರಿದೆವು. ಹೋಗುವುದು ಹೇಗೆ ಅಂತಲೇ ಮನೆಯಲ್ಲಿ ಮೂರು ದಿನ ಚರ್ಚೆ ನಡೆದಿತ್ತು.

ಮೈಸೂರಿನಿಂದ ಅಣ್ಣ ಫೋನ್ ಮಾಡಿದ್ದ. ‘ನಾನು ಕಾರಲ್ಲಿ ಹೋಗ್ತಿದ್ದೀನಿ, ಅವ್ವನ್ನ ಕರ್ಕೊಂಡು ಬೈಪಾಸ್ ಹತ್ರ ನಿಂತ್ಕೊ.’ ಬೈಪಾಸ್ ಹತ್ರ ಅಂದರೆ ಎಲ್ಲಪ್ಪಾ? ಎಕ್ಸ್‌ಪ್ರೆಸ್‌ವೇ ಮಂಡ್ಯ ಊರೊಳಗೆ ಬರುವುದೇ ಇಲ್ಲ, ಆಟೋಗೆ ಅದರ ಮೇಲೆ ಪ್ರವೇಶವೂ ಇಲ್ಲ. 2023ರ ಮಾರ್ಚ್ 12ಕ್ಕೆ ಪ್ರಧಾನಿ ಬಂದು ಉದ್ಘಾಟಿಸಿದ್ದು ನಮ್ಮ ಜಿಲ್ಲೆಯಲ್ಲೇ. ಜಾಸ್ತಿ ಅನುಕೂಲ ಆಗಿದ್ದು ಮಾತ್ರ ಮೈಸೂರಿನವರಿಗೆ. ಸುಮ್ನೆ ಹೊಟ್ಟೆಕಿಚ್ಚು ಅಂದುಕೊಂಡರೂ ಸರಿ.

ಒಬ್ಬನೇ ಆಗಿದ್ದರೆ ಬೈಕ್ ತೆಗೆಯುತ್ತಿದ್ದೆ. ಆದರೆ 2023ರ ಆಗಸ್ಟ್ 1ರಿಂದ ಬೈಕನ್ನೂ ಅಲ್ಲಿ ಬಿಡುವುದಿಲ್ಲ. ಸರ್ವಿಸ್ ರೋಡೇ ಗತಿ.

ಬಸ್ಸಿಗೆ ಹೋಗೋಣ, ಶಕ್ತಿ ಯೋಜನೆ ಇದೆ, ನಿಂಗೆ ದುಡ್ಡೇ ಬೇಡ ಅಂದೆ. ಅವ್ವ ಅದಕ್ಕೂ ಒಪ್ಪಲಿಲ್ಲ. ಕಾರು ಅಂದರೆ ವಾಂತಿ ಬರುತ್ತದೆ ಅಂದಳು. ಬಸ್ಸು ಅಂದರೆ ಮೆಟ್ಟಿಲು ಎತ್ತರ ಅಂದಳು. ರೈಲಿನ ಮೆಟ್ಟಿಲೇನು ತಗ್ಗಾ ಅಂತ ನಾನೂ ಬಿಡಲಿಲ್ಲ. ಮೂರನೇ ದಿನ ರಾತ್ರಿ ತಟ್ಟೆ ತೊಳೆಯುತ್ತಾ, ನನ್ನ ಕಡೆ ತಿರುಗದೆ ಹೇಳಿದಳು: ‘ಸಕ್ಕರೆ ಕಾಯಿಲೆ ಬಂದ್ ಮೇಲೆ ಗಂಟೆಗೊಂದ್ಸಲ ಎದ್ದು ಹೋಗ್ಬೇಕು ಕಣಪ್ಪ. ಬಸ್ ನಿಲ್ಸಿ ಅಂತ ಎಲ್ಲರ್ ಎದುರ್ಗೆ ಎಂಗ್ ಹೇಳಾನೆ? ರೈಲಲ್ಲಾದ್ರೆ ಬಾತ್‌ರೂಮ್ ಐತೆ.’

ಅಲ್ಲಿಗೆ ಮುಗಿಯಿತು. ಎರಡು ವರ್ಷದಿಂದ ಯಾವ ಮದುವೆಗೂ ಬರದೆ, ಮೊಣಕಾಲಿನ ಮೇಲೆ ತಪ್ಪು ಹೊರಿಸುತ್ತಿದ್ದಳಲ್ಲ, ಅದೂ ಅರ್ಥವಾಯಿತು.

ಬೆಳಿಗ್ಗೆ ಚಾಮುಂಡಿ ಹತ್ತಿದೆವು. ವಾರದ ದಿನವಾಗಿದ್ದರೆ ಪಾಸಿನವರ ಮಧ್ಯೆ ಕಾಲಿಡೋಕೂ ಕಷ್ಟ. ಭಾನುವಾರ, ಹಾಗಾಗಿ ಕಿಟಕಿ ಸೀಟೇ ಸಿಕ್ಕಿತು. ಹಿಂದೆ ಒಂದೇ ಹಳಿ ಇದ್ದಾಗ ಕ್ರಾಸಿಂಗ್ ಅಂತ ಎಲ್ಲೆಲ್ಲೋ ನಿಲ್ಲಿಸುತ್ತಿದ್ದರು. ಜೋಡಿ ಹಳಿಗೆ ಜಾಗ ಬೇಕು ಅಂತ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಮದ್ದಿನ ಮನೆಯನ್ನೇ 2017ರಲ್ಲಿ ಇಡಿಯಾಗಿ ಪಕ್ಕಕ್ಕೆ ಸರಿಸಿದರು. ಆ ಸುದ್ದಿ ಓದಿ ಅವ್ವನಿಗೆ ಹೇಳಿದ್ದೆ, ನಂಬಿರಲಿಲ್ಲ. ಇವತ್ತೂ ನಂಬಲಿಲ್ಲ.

ಮದ್ದೂರಲ್ಲಿ ವಡೆ ಬಂತು. ಡಾಕ್ಟರು ಬೇಡ ಅಂದಿದ್ದಾರೆ. ಅವ್ವ ಎರಡು ತಿಂದಳು. ಎರಡು ಸಲ ಎದ್ದು ಹೋಗಿಬಂದಳು, ಯಾರನ್ನೂ ಕೇಳದೆ. ಬೆಂಗಳೂರು ಸ್ಟೇಷನ್‌ನಿಂದ ನೇರಳೆ ಮಾರ್ಗದ ಮೆಟ್ರೋ, ಮಾಗಡಿ ರಸ್ತೆ, ಹೊಸಹಳ್ಳಿ ಆದಮೇಲೆ ವಿಜಯನಗರ. ಎಸ್ಕಲೇಟರ್ ಮುಂದೆ ಮಾತ್ರ ಐದು ನಿಮಿಷ ನಿಂತಿದ್ದೆವು.

ಸಂಜೆ ವಾಪಸ್ಸಿಗೂ ಅದೇ ಚಾಮುಂಡಿ. ಆಗ ನೂಕುನುಗ್ಗಲು. ರಾಮನಗರದವರೆಗೆ ನಾನು ನಿಂತೇ ಇದ್ದೆ. ಚನ್ನಪಟ್ಟಣ ದಾಟುವಾಗ ಅಣ್ಣನ ಫೋನ್: ‘ನಾವಾಗಲೇ ಮನೇಲಿದ್ದೀವಿ, ನೀವೆಲ್ಲಿ?’

ಫೋನನ್ನು ಅವ್ವನ ಕೈಗೆ ಕೊಟ್ಟೆ. ‘ನಿಧಾನಕ್ಕೆ ಬತ್ತೀವಿ ಬುಡು’ ಅಂದು, ಮುಂದಿನ ತಿಂಗಳು ಧರ್ಮಸ್ಥಳಕ್ಕೆ ಹೋಗುವ ಮಾತು ತೆಗೆದಳು. ಅಲ್ಲಿಗೆ ರೈಲಿಲ್ಲ ಅಂತ ನಾನಿನ್ನೂ ಹೇಳಿಲ್ಲ.