ಜಿಂಕೆ ಬರೋ ಮರ ನೆಟ್ಟಗಿರಲ್ಲ: ಸ್ಯಾಡಲ್ಲೋ, ಕ್ಲೈಂಬರ್ರೋ?

ನಾಲ್ಕು ವರ್ಷದ ಹಿಂದಿನ ಮಾತು. ಅಕ್ಟೋಬರ್ ಮಧ್ಯದ ಒಂದು ಸಂಜೆ ಪೆನ್ಸಿಲ್ವೇನಿಯಾದ ಒಂದು ಸ್ಟೇಟ್ ಗೇಮ್ ಲ್ಯಾಂಡ್‌ನಲ್ಲಿ, ಅಂದ್ರೆ ಬೇಟೆಗೆ ಅಂತ ಬಿಟ್ಟ ಸರ್ಕಾರಿ ಕಾಡಲ್ಲಿ, 20 ಅಡಿ ಮೇಲೆ ಬಿಲ್ಲು ಹಿಡ್ಕೊಂಡು ಕೂತಿದ್ದೆ. ಹಳೇ ಶಿಕಾರಿಯೋರು ಮರಸು ಕೂರೋದು ಅಂತಾರಲ್ಲ, ಅದೇ. ನಾನು ಹತ್ತಿದ್ದು ಟ್ಯೂಲಿಪ್ ಪಾಪ್ಲರ್, ಕಂಬ ನೆಟ್ಟ ಹಾಗೆ ನೆಟ್ಟಗೆ, ಮೇಲಿನವರೆಗೂ ಒಂದು ಕೊಂಬೆ ಇಲ್ಲ. ಅಲ್ಲಿಂದ ಸುಮಾರು 70 ಗಜ ಆಚೆ ಒಂದು ಹಳೇ ವೈಟ್ ಓಕ್, ಎದೆಮಟ್ಟದಲ್ಲೇ ಎರಡಾಗಿ ಕವಲೊಡೆದು ಒಂದು ಪಕ್ಕಕ್ಕೆ ವಾಲಿತ್ತು, ಅದರ ಕಾಯಿ ಒಣಗಿದ ಎಲೆ ಮೇಲೆ ಟಪ್ ಟಪ್ ಅಂತ ಬೀಳೋದು ನಂಗೆ ಕೇಳಿಸ್ತಾ ಇತ್ತು. ಹೊತ್ತು ಮುಳುಗೋಕೆ ಅರ್ಧ ಗಂಟೆ ಇದೆ ಅನ್ನೋವಾಗ ಒಂದು ಹೆಣ್ಣು ಬಂತು, ಜೊತೆಗೆ ಎರಡು ಮರಿ, ಇನ್ನೊಂದು ಸ್ವಲ್ಪ ಹೊತ್ತಿಗೆ ಒಳ್ಳೇ ಕೋಡಿರೋ ಒಂದು ಗಂಡು. ನಾಲ್ಕೂ ಆ ಓಕ್ ಕೆಳಗೇ ತಲೆ ಬಗ್ಗಿಸಿ ತಿಂತಾ ನಿಂತ್ವು, ಕತ್ತಲಾಗೋವರೆಗೂ ಕದಲಲಿಲ್ಲ. 70 ಗಜಕ್ಕೆ ನಾನು ಬಾಣ ಬಿಡಲ್ಲ, ಗಾಯ ಮಾಡಿ ಕಳ್ಕೊಳೋದಕ್ಕಿಂತ ಸುಮ್ನೆ ನೋಡೋದು ಮೇಲು.

ಆ ಪಾಪ್ಲರ್ ಹತ್ತಿದ್ದು ಅಲ್ಲಿ ಜಿಂಕೆ ಬರುತ್ತೆ ಅಂತಲ್ಲ. ನನ್ನ ಕ್ಲೈಂಬರ್ ಹತ್ತೋಕೆ ಆಗೋ ಮರ ಆ ಸುತ್ತಿನಲ್ಲಿ ಅದೊಂದೇ ಇತ್ತು, ಅಷ್ಟೇ. ಇಳಿದು ಕಾರ್ ಹತ್ರ ನಡ್ಕೊಂಡು ಬರ್ತಾ ಇದೇ ಯೋಚನೆ, ಜಾಗ ಆರಿಸ್ತಾ ಇರೋದು ನಾನಾ ಇಲ್ಲಾ ನನ್ನ ಸ್ಟ್ಯಾಂಡಾ ಅಂತ.

ಗೊತ್ತಿಲ್ಲದೋರಿಗೆ ಸ್ವಲ್ಪ ಹೇಳ್ಬಿಡ್ತೀನಿ. ಕ್ಲೈಂಬರ್, ಸ್ಯಾಡಲ್ ಎರಡೂ ಬೇಟೆಗೆ ಮರದ ಮೇಲೆ ಇರೋಕೆ ಬಳಸೋ ಸಲಕರಣೆ. ತೆಂಗಿನ ಮರ ಹತ್ತೋ ಮೆಷಿನ್ ನೋಡಿದ್ರೆ ಕ್ಲೈಂಬರ್ ಅರ್ಧ ಅರ್ಥ ಆದ ಹಾಗೇನೇ. ಎರಡು ಭಾಗ ಇರುತ್ತೆ, ಮೇಲಿಂದು ಸೀಟು, ಕೆಳಗಿಂದು ಕಾಲಿಡೋ ತಟ್ಟೆ, ಎರಡಕ್ಕೂ ಮರ ಸುತ್ತೋ ಕೇಬಲ್ಲು. ಸೀಟಿನ ಭಾಗದ ಮೇಲೆ ಭಾರ ಹಾಕಿ ಕಾಲಲ್ಲಿ ಕೆಳಗಿನ ತಟ್ಟೆ ಮೇಲಕ್ಕೆ ಎಳ್ಕೋಬೇಕು, ಅದರ ಮೇಲೆ ನಿಂತು ಸೀಟು ಮೇಲಕ್ಕೆ ಎತ್ತಬೇಕು, ಹೀಗೆ ಕಂಬಳಿಹುಳ ಹತ್ತಿದ ಹಾಗೆ ಇಷ್ಟಿಷ್ಟೇ ಮೇಲಕ್ಕೆ. ಮೇಲೆ ಹೋದ್ಮೇಲೆ ಮಾತ್ರ ಕುರ್ಚಿ ಸಿಕ್ಕಿದ ಹಾಗೆ, ಬೆನ್ನು ಮರಕ್ಕೆ ಒರಗಿಸಿ ಕೂರಬಹುದು.

ಸ್ಯಾಡಲ್‌ನಲ್ಲಿ ಕುರ್ಚಿ ಇಲ್ಲ. ಸೊಂಟಕ್ಕೂ ಕುಂಡಿಗೂ ಹಾಕ್ಕೊಳೋ ಅಗಲವಾದ ಪಟ್ಟಿ, ಈ ಸೊಂಟದಿಂದ ಆ ಸೊಂಟಕ್ಕೆ ಮುಂದೆ ಬರೋ ಒಂದು ಗಟ್ಟಿ ಹಗ್ಗ, ಅದಕ್ಕೆ ಬ್ರಿಡ್ಜ್ ಅಂತಾರೆ. ಮರಕ್ಕೆ ಸುತ್ತಿದ ಇನ್ನೊಂದು ಹಗ್ಗ ಟೆಥರ್, ಅದನ್ನ ಕ್ಯಾರಬೀನರ್ ಅನ್ನೋ ಲೋಹದ ಕೊಕ್ಕೆಯಲ್ಲಿ ಬ್ರಿಡ್ಜಿಗೆ ಸಿಗಿಸಿ, ಮರದ ಕಡೆ ಮುಖ ಮಾಡಿ, ಊಟದ ತಟ್ಟೆಗಿಂತ ಸ್ವಲ್ಪ ದೊಡ್ಡ ಪ್ಲಾಟ್‌ಫಾರ್ಮ್ ಮೇಲೆ ಕಾಲಿಟ್ಟು ಹಿಂದಕ್ಕೆ ವಾಲೋದು. ಹತ್ತೋಕೆ ಕಾಲಿಡೋ ಮೆಟ್ಟಿಲಿರೋ ಮೂರೋ ನಾಲ್ಕೋ ಕ್ಲೈಂಬಿಂಗ್ ಸ್ಟಿಕ್, ಒಂದೊಂದಾಗಿ ಮರಕ್ಕೆ ಕಟ್ಕೊಂಡು ಹೋಗ್ಬೇಕು.

ಕ್ಲೈಂಬರ್‌ಗೆ ಬೇಕಾಗಿರೋದು ಒಂದೇ ಥರದ ಮರ. ನೆಟ್ಟಗಿರಬೇಕು, ತೀರಾ ದಪ್ಪ ಇರಬಾರದು ತೀರಾ ಸಣ್ಣನೂ ಇರಬಾರದು, ಕೂರೋ ಎತ್ತರದವರೆಗೆ ಕೊಂಬೆ ಇರಬಾರದು. ಶ್ಯಾಗ್‌ಬಾರ್ಕ್ ಹಿಕರಿ ಆದ್ರೆ ತೊಗಟೆ ಹಪ್ಪಳದ ಥರ ಎದ್ದು ಕಿತ್ಕೊಂಡು ಬರುತ್ತೆ, ಅದನ್ನ ಹತ್ತೋ ಸಾಹಸ ಬೇಡ. ಬೀಚ್ ಮರದ ತೊಗಟೆ ನುಣುಪು, ಒದ್ದೆ ಇದ್ರೆ ಕ್ಲೈಂಬರ್‌ನ ಹಲ್ಲು ತೊಗಟೆ ಕಚ್ಚೋದು ಕಷ್ಟ. ನಮ್ಮ ಕಡೆ ಕಾಡಲ್ಲಿ ಕ್ಲೈಂಬರ್‌ಗೆ ಅಂತಲೇ ಬೆಳೆದ ಹಾಗಿದ್ದ ಮರ ಅಂದ್ರೆ ಆಶ್. ಆದ್ರೆ ಎಮರಾಲ್ಡ್ ಆಶ್ ಬೋರರ್ ಅನ್ನೋ ಹಸಿರು ಹುಳ 2002ರಲ್ಲಿ ಡೆಟ್ರಾಯ್ಟ್ ಹತ್ರ ಮೊದಲು ಪತ್ತೆ ಆಯ್ತು, 2007ರ ಹೊತ್ತಿಗೆ ಪೆನ್ಸಿಲ್ವೇನಿಯಾಗೂ ಬಂತು, ಈಗ ಆ ಆಶ್ ಮರಗಳಲ್ಲಿ ಹೆಚ್ಚಿನವು ಸತ್ತು ನಿಂತಿವೆ. ದೂರದಿಂದ ನೋಡಿದ್ರೆ ಎಂಥಾ ಚೆಂದದ ಕಾಂಡ ಅನಿಸುತ್ತೆ. ಹತ್ರ ಹೋಗಿ ಮೇಲೆ ನೋಡಿ, ತುದೀಲಿ ಎಲೆ ಇಲ್ಲ, ತೊಗಟೆ ಉದುರಿ ಬಿಳಿ ಮರ ಕಾಣ್ತಿರುತ್ತೆ. ಸತ್ತ ಆಶ್ ಒಳಗೊಳಗೇ ಪುಡಿ ಆಗಿ ಹೇಳದೆ ಕೇಳದೆ ಮುರಿಯುತ್ತೆ, ಕ್ಲೈಂಬರ್ ಇರಲಿ ಸ್ಯಾಡಲ್ ಇರಲಿ ಅದನ್ನ ಮುಟ್ಟಲೇಬೇಡಿ. ಬೆಳಗಿನ ಕತ್ತಲಲ್ಲಿ ಹೆಡ್‌ಲ್ಯಾಂಪ್ ಬೆಳಕಲ್ಲಿ ಮರ ಆರಿಸೋರಿಗೆ ಇದನ್ನ ಎಷ್ಟು ಸಲ ಹೇಳಿದ್ರೂ ಕಮ್ಮಿನೇ, ಹಗಲೇ ಹೋಗಿ ನೋಡಿಟ್ಕೊಂಡು ಬನ್ನಿ.

ಇನ್ನು ಸದ್ದು. ಗಾಳಿ ಇಲ್ಲದ ಬೆಳಿಗ್ಗೆ ಕ್ಲೈಂಬರ್ ತೊಗಟೆ ಕಚ್ಚೋ ಕರ್ ಕರ್ ನಿಮಗೇ ಎದೆ ನಡುಗಿಸುತ್ತೆ. ಸ್ಯಾಡಲ್‌ನಲ್ಲೂ ಸದ್ದು ಇದೆ, ಸ್ಟಿಕ್ಕಿಗೆ ಸ್ಟಿಕ್ ತಾಗಿದ್ರೆ ಠಣ್ ಅಂತ ಇಡೀ ಕಣಿವೆಗೆ ಕೇಳುತ್ತೆ. ನಾನು ಲೋಹ ತಾಗೋ ಕಡೆಗೆಲ್ಲಾ ಬಟ್ಟೆ ಟೇಪ್ ಸುತ್ತಿದೀನಿ, ಈಗ ಪರವಾಗಿಲ್ಲ.

ಕ್ಲೈಂಬರ್ ಬಿಟ್ಟಿದ್ದಕ್ಕೆ ಇನ್ನೂ ಒಂದು ಕಾರಣ ಇದೆ. ಒಂದು ನವೆಂಬರ್ ಬೆಳಿಗ್ಗೆ, ತೊಗಟೆ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು, ಸುಮಾರು 15 ಅಡಿ ಹತ್ತಿದ್ದೆ, ಸೀಟಿನ ಮೇಲೆ ಭಾರ ಹಾಕಿ ಕಾಲು ಎತ್ತೋ ಹೊತ್ತಿಗೆ ಕೆಳಗಿನ ತಟ್ಟೆ ಬೂಟಿಂದ ಜಾರಿ ಸರ್ರನೆ ಇಳಿದುಬಿಡ್ತು. ಎರಡೂ ಭಾಗಕ್ಕೆ ನಡುವೆ ಒಂದು ಹಗ್ಗ ಕಟ್ಟಿದ್ದೆ, ಅದಕ್ಕೆ ನಾಲ್ಕಡಿ ಕೆಳಗೆ ನಿಂತ್ಕೊಳ್ತು. ಆ ಹಗ್ಗ ಇಲ್ಲದಿದ್ರೆ ತಟ್ಟೆ ನೆಲದಲ್ಲಿ, ನಾನು ಮೇಲೆ ಕಾಲು ನೇತಾಡಿಸ್ಕೊಂಡು, ಫೋನ್ ಸಿಗ್ನಲ್ ಇಲ್ಲದ ಕಣಿವೇಲಿ. ಎದೆಗೆ ಹಾರ್ನೆಸ್ ಇತ್ತು, ಅದರ ಹಗ್ಗನೂ ಜೊತೆಜೊತೆಗೇ ಮೇಲಕ್ಕೆ ಸರಿಸ್ತಾ ಬಂದಿದ್ದೆ, ಆದ್ರೂ ತಟ್ಟೆ ಮತ್ತೆ ಮೇಲಕ್ಕೆ ಎಳ್ಕೊಂಡು ಕಾಲಿಡೋವಾಗ ಕೈ ನಡುಗ್ತಿತ್ತು. ಕ್ಲೈಂಬರ್ ತಗೊಳೋರು ಯಾರೇ ಆಗ್ಲಿ ಆ ನಡುವಿನ ಹಗ್ಗ ಕಟ್ಟದೆ ನೆಲ ಬಿಡಬೇಡಿ.

ಮಾರನೇ ಬೇಸಿಗೇಲಿ ಸ್ಯಾಡಲ್ ತಗೊಂಡೆ. ಮೊದಲ ವಾರ ವಾಪಸ್ ಕೊಟ್ಬಿಡೋಣ ಅನ್ನಿಸಿದ್ದು ನಿಜ. ಹಗ್ಗ ನಂಬಿ ಹಿಂದಕ್ಕೆ ವಾಲು ಅಂದ್ರೆ ಮೈ ಒಪ್ಪಲ್ಲ. ಮನೆ ಹಿಂದಿನ ಮೇಪಲ್ ಮರಕ್ಕೆ ನೆಲದಿಂದ ಒಂದೂವರೆ ಅಡಿಗೆ ಪ್ಲಾಟ್‌ಫಾರ್ಮ್ ಕಟ್ಟಿ, ಆಗಸ್ಟ್ ಪೂರ್ತಿ ಸಂಜೆ ಸಂಜೆ ಅದರಲ್ಲೇ ನೇತಾಡಿದೆ. ಆಗ ತಿಳಿದಿದ್ದು, ಸೊಂಟದ ಮೂಳೆ ಒತ್ತುತ್ತೆ ಅಂತ ಜನ ದೂರೋದು ಹೆಚ್ಚಾಗಿ ಸ್ಯಾಡಲ್ ತಪ್ಪಲ್ಲ, ಪಟ್ಟಿ ಸೊಂಟಕ್ಕೆ ಕಟ್ಟಿರ್ತಾರೆ, ಅದು ಇನ್ನೂ ಕೆಳಗೆ ಕುಂಡಿ ಕೆಳಗಿನವರೆಗೆ ಬರಬೇಕು. ಟೆಥರ್ ನಿಂತಾಗ ಹಣೆ ಮಟ್ಟಕ್ಕೆ ಇರಬೇಕು, ನಾಲ್ಕು ಬೆರಳು ಮೇಲೆ ಕೆಳಗೆ ಸರಿಸಿದ್ರೂ ಮೈ ಭಾರ ಬೀಳೋ ಜಾಗವೇ ಬದಲಾಗುತ್ತೆ. ಒಂದು ಗಂಟೆ ವಾಲಿ ನಿಲ್ಲೋದು, ಒಂದು ಗಂಟೆ ಮೊಣಕಾಲು ಕಾಂಡಕ್ಕೆ ಕೊಟ್ಟು ಕೂರೋದು, ಹೀಗೆ ಬದಲಾಯಿಸ್ತಾ ಇದ್ರೆ ನಾಲ್ಕೈದು ಗಂಟೆ ಹೋಗಿದ್ದೇ ಗೊತ್ತಾಗಲ್ಲ. ನೀಪ್ಯಾಡ್ ಬೇಕೇ ಬೇಕು.

ಬಾಣ ಬಿಡೋ ದಿಕ್ಕನ್ನೂ ಹೊಸದಾಗಿ ಕಲೀಬೇಕು. ನಾನು ಬಲಗೈಯೋನು, ಮರದ ಕಡೆ ಮುಖ ಮಾಡಿ ನಿಂತಾಗ ಎಡಗಡೆ ಬರೋ ಜಿಂಕೆಗೆ ಸಲೀಸು, ಬಲಗಡೆ ಬಂದ್ರೆ ಪ್ಲಾಟ್‌ಫಾರ್ಮ್ ಮೇಲೆ ಪೂರ್ತಿ ತಿರುಗಬೇಕು, ಅದು ಜಿಂಕೆ ಕಣ್ಣೆದುರಿಗೆ ಆಗೋ ಕೆಲಸ ಅಲ್ಲ. ಅದಕ್ಕೇ ಕಟ್ಟೋವಾಗಲೇ ಜಾಡು ನನ್ನ ಎಡಕ್ಕೆ ಬರೋ ಹಾಗೆ ನೋಡ್ಕೋತೀನಿ, ಗಾಳಿ ಲೆಕ್ಕ ಹಾಕಿದ ಮೇಲೆ ಇದು ಎರಡನೇ ಲೆಕ್ಕ. ಇದರ ಬದಲಿಗೆ ಸಿಗೋದು ಏನು ಅಂದ್ರೆ ಕಾಂಡವೇ ನಿಮಗೆ ಮರೆ. ಜಿಂಕೆ ಈ ಕಡೆ ಬಂದ್ರೆ ನೀವು ಆ ಕಡೆ ಸರೀಬಹುದು.

ಸುರಕ್ಷತೆಲಿ ನಂಗೆ ಸ್ಯಾಡಲ್ ಇಷ್ಟ ಆಗೋಕೆ ಕಾರಣ, ನೆಲದಿಂದಲೇ ಸೊಂಟಕ್ಕೆ ಸಿಗಿಸಿದ ಲೈನ್‌ಮ್ಯಾನ್ ಹಗ್ಗ ಮರಕ್ಕೆ ಸುತ್ತಿ ಹತ್ತೋದು, ಮೇಲೆ ಟೆಥರ್ ಹಾಕಿ ಭಾರ ಕೊಟ್ಟು ನೋಡಿದ ಮೇಲಷ್ಟೇ ಆ ಹಗ್ಗ ಬಿಚ್ಚೋದು. ಒಂದು ಕ್ಷಣವೂ ಹಗ್ಗ ಇಲ್ಲದೆ ಇರಲ್ಲ. ಆದ್ರೆ ಟೆಥರ್ ಸಡಿಲ ಬಿಟ್ಕೊಂಡು ಅದಕ್ಕಿಂತ ಮೇಲೆ ಹತ್ತಿದ್ರೆ ಅದೇ ಹಗ್ಗ ಅಪಾಯ, ಹಿಗ್ಗದ ಹಗ್ಗದ ಮೇಲೆ ಎರಡು ಮೂರು ಅಡಿ ಬಿದ್ರೂ ಸೊಂಟ ಮುರಿಯೋ ಏಟು.

ತೂಕ, ದುಡ್ಡು ಬಗ್ಗೆ ಎಲ್ಲರೂ ಮೊದಲು ಕೇಳ್ತಾರೆ, ನಂಗೆ ಅದು ಅಷ್ಟು ದೊಡ್ಡದಲ್ಲ. ನನ್ನ ಕ್ಲೈಂಬರ್ 22 ಪೌಂಡ್, ಸ್ಟಿಕ್ಕು ಪ್ಲಾಟ್‌ಫಾರ್ಮ್ ಎಲ್ಲಾ ಸೇರಿ ಸ್ಯಾಡಲ್ ಸೆಟ್ 15 ಪೌಂಡ್. ಸ್ಯಾಡಲ್ ಒಂದೇ ನೋಡಿದ್ರೆ ಕಮ್ಮಿ ಬೆಲೆ ಅನಿಸುತ್ತೆ, ಉಳಿದದ್ದೆಲ್ಲಾ ಸೇರಿಸಿದ್ರೆ ಕ್ಲೈಂಬರ್ ದಾಟಿ ಹೋಗುತ್ತೆ. ಗೇಮ್ ಲ್ಯಾಂಡ್‌ನಲ್ಲಿ ಮರಕ್ಕೆ ಮೊಳೆ, ಸ್ಕ್ರೂ ಸ್ಟೆಪ್ ಹೊಡೆಯೋ ಹಾಗಿಲ್ಲ, ಅದಕ್ಕೆ ಪಟ್ಟಿ ಅಥವಾ ಹಗ್ಗದಲ್ಲಿ ಕಟ್ಟೋ ಸ್ಟಿಕ್ಕೇ ತಗೊಳ್ಳಿ.

ಹಾಗಂತ ಕ್ಲೈಂಬರ್ ಮಾರಿಲ್ಲ. ನಂಗೆ ಬೇಟೆ ಕಲಿಸಿದ ಪಕ್ಕದ ಮನೆ ಹಿರಿಯರಿಗೆ 70 ದಾಟಿದೆ, ಮೊಣಕಾಲು ನೋವು, ಅವರಿಗೆ ಸ್ಯಾಡಲ್ ತಗೊಳ್ಳಿ ಅಂತ ನಾನು ಯಾವತ್ತೂ ಹೇಳಲ್ಲ. ಅವರ ಜಾಗದಲ್ಲಿ ಪಾಪ್ಲರ್‌ಗಳೇ ಸಾಲಾಗಿ ಇವೆ, ಕ್ಲೈಂಬರ್‌ನಲ್ಲಿ ಆರಾಮಾಗಿ ಕೂರ್ತಾರೆ. ನವೆಂಬರ್‌ನ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಆದ ಶನಿವಾರ ರೈಫಲ್ ಸೀಸನ್ ಶುರು ಆದಾಗ, ಕಿತ್ತಳೆ ವೆಸ್ಟ್ ಟೋಪಿ ಹಾಕ್ಕೊಂಡು ದಿನವಿಡೀ ಚಳೀಲಿ ಕೂರೋಕೆ ನಾನೂ ಅದನ್ನೇ ಒಯ್ಯೋದು. ಮುಂದಿನ ಕಂಬಿ ಮೇಲೆ ರೈಫಲ್ ಇಡಬಹುದು, 100 ಗಜ ದೂರ ಇದ್ರೂ ನಡೆಯುತ್ತೆ, ಹಾಗಾಗಿ ಮರ ಯಾವುದು ಅನ್ನೋದು ಅಷ್ಟು ಕಾಡಲ್ಲ. ಬಿಲ್ಲಿನ ಸೀಸನ್‌ನಲ್ಲಿ 20 ಗಜಕ್ಕೆ ಬರಬೇಕಲ್ಲ, ಅಲ್ಲೇ ಸ್ಯಾಡಲ್ ಗೆಲ್ಲೋದು.

ಹೋದ ಅಕ್ಟೋಬರ್‌ನಲ್ಲಿ ಅದೇ ವಾಲಿದ ಓಕ್ ಹತ್ತಿದೆ. ಕವಲಿಗೂ ಮೇಲೆ ಪ್ಲಾಟ್‌ಫಾರ್ಮ್ ಕಟ್ಟಿ, ಎರಡು ಕಾಂಡದ ನಡುವೆ ನಿಂತ್ಕೊಂಡೆ. ಸಂಜೆ ಒಂದು ಹೆಣ್ಣು ಒಂಟಿಯಾಗಿ ಬಂತು, 18 ಗಜ. ಅಷ್ಟರಲ್ಲಿ ಅದು ತಲೆ ಎತ್ತಿ ನೇರ ನನ್ನ ಕಡೆನೇ ನೋಡ್ತು, ಮೂಗಿನ ಮೇಲಿನ ಪಸೆ ಹೊಳೀತಿತ್ತು, ಒಂದು ಕಿವಿ ಮುಂದಕ್ಕೆ, ಇನ್ನೊಂದು ಹಿಂದಕ್ಕೆ. ಬ್ರಿಡ್ಜ್ ಮೇಲೆ ಭಾರ ಬಿಟ್ಟು ಕಾಂಡದ ಹಿಂದಕ್ಕೆ ಮೆಲ್ಲಗೆ ಸರಿದೆ, ಉಸಿರು ಹಿಡಿದೆ. ಒಂದು ನಿಮಿಷ ಆಗಿರಬಹುದು, ಕೆಳಗಿಂದ ಕಾಯಿ ಅಗಿಯೋ ಕಟಕಟ ಮತ್ತೆ ಕೇಳಿಸ್ತು. ಆ ಚಳಿಗಾಲ ನಮ್ಮನೆ ಫ್ರೀಜರ್ ತುಂಬಿದ್ದು ಆ ಮರದಿಂದ.

ಈ ಸಲ ಆಗಸ್ಟ್‌ಗೆ ಮುಂಚೆ ಟೆಥರ್ ಹಗ್ಗ ಬದಲಾಯಿಸ್ಬೇಕು, ಉದ್ದ ಹೆಚ್ಚುಕಮ್ಮಿ ಮಾಡೋ ಪ್ರೂಸಿಕ್ ಗಂಟು ಸರಿಯೋ ಜಾಗದಲ್ಲಿ ನೂಲು ಎದ್ದಿದೆ. ನಿಮ್ಮದೂ ಒಂದು ಸಲ ತೆಗೆದು ಬೆರಳಲ್ಲಿ ಸವರಿ ನೋಡಿ.